ಆ ಭಾಷೆಯಲ್ಲಿಲ್ಲದ ಪದ

ಬಾಯ್ಲರ್ ಕಾರ್ಖಾನೆಗೆ ಕೈಪಿಡಿ ಬರೆಯುತ್ತಿದ್ದ ವಿಮಲಾಕ್ಷಿಯ ನೋಟ್‌ಬುಕ್ಕಿನಲ್ಲಿ ಯಾರಿಗೂ ತಿಳಿಯದ ಭಾಷೆಯಿತ್ತು. ಕಂಪನಿಯ ಗುಟ್ಟು ಹೊರಗೆ ಹೋಗುತ್ತಿದೆಯೆಂದು ಮ್ಯಾನೇಜರಿಗೆ ಅನುಮಾನ ಬಂತು. ಕರೆಸಿ, ಬಾಗಿಲು ಹಾಕಿಸಿ ಕೇಳಿದರು.

"ಯಾರಿಗೆ ಬರೀತಿದೀರಿ ಇದನ್ನ?"

"ಯಾರಿಗೂ ಅಲ್ಲ ಸಾರ್. ನಾನೇ ಕಟ್ಟಿಕೊಂಡ ಭಾಷೆ. ಇದರಲ್ಲಿ ಒಂದು ಪದಕ್ಕೆ ಒಂದೇ ಅರ್ಥ. ಕೈಪಿಡೀನ ಮೊದಲು ಇದರಲ್ಲಿ ಬರೆದು, ಆಮೇಲೆ ಕನ್ನಡಕ್ಕೆ ತರ್ತೀನಿ."

"ಇಷ್ಟು ವರ್ಷ ನೇರವಾಗಿ ಕನ್ನಡದಲ್ಲೇ ಬರೀತಿದ್ರಲ್ಲ?"

"ಇದರಲ್ಲಿ 'ಸ್ವಲ್ಪ' ಅನ್ನೋ ಪದ ಇಲ್ಲ ಸಾರ್."

"ಅಷ್ಟಕ್ಕೇ ಒಂದು ಭಾಷೆಯಾ? ನಿಜ ಹೇಳಿ."

ಆಕೆ ನೋಟ್‌ಬುಕ್ ಮುಚ್ಚಿದಳು.

"ಹೋದ ವರ್ಷ ಬಾಯ್ಲರ್ ಸಿಡಿದು ಆಪರೇಟರ್ ಗುರುಲಿಂಗಪ್ಪ ಸತ್ತಾಗ, ಅವರು ಕೈಪಿಡಿ ಓದದೆ ವಾಲ್ವ್ ತಿರುಗಿಸಿದ್ರು ಅಂತ ನೀವು ವರದಿ ಕೊಟ್ರಿ. ಅವರು ಓದಿದ್ರು ಸಾರ್. 'ಸ್ವಲ್ಪ ತಿರುಗಿಸಿ' ಅಂತ ಬರೆದಿದ್ದು ನಾನು."