ಮುಳುಗದ ಲೂಸಿಟಾನಿಯಾ

ಅಮೆರಿಕಾದ ಎಡಿಸನ್ ಎಂಬ ಊರಿನ ಮನೆಯ ಬಾತ್‌ಟಬ್‌ನಲ್ಲಿ ಜರ್ಮನ್ನರ ಸಬ್‌ಮರೀನು ಮೂರನೆಯ ಸಲ ಬಂದು ಗುದ್ದಿದರೂ ಲೂಸಿಟಾನಿಯಾ ಮೈ ಕೊಡವಿಕೊಂಡು ತೇಲುತ್ತಲೇ ಇತ್ತು. ಟಬ್ಬಿನ ಅಂಚಿನಲ್ಲಿ ಕುಳಿತಿದ್ದ ಕರುಣಾಕರನಿಗೆ ಒಳಗೊಳಗೇ ಹೆಮ್ಮೆ. ಮಲ್ಪೆಯಲ್ಲಿ ಅಪ್ಪ ದೋಣಿ ಕಟ್ಟುತ್ತಿದ್ದ ಹಾಗೆಯೇ, ಹಲಗೆಯ ಸಂದುಗಳಿಗೆ ಹತ್ತಿ ತುರುಕಿ, ರಾಳ ಮೆತ್ತಿ, ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಮುಳುಗಿಸಿದ ಪ್ರಯಾಣಿಕರ ಹಡಗಿನ ಈ ಪುಟ್ಟ ಮಾದರಿಯನ್ನು ಮಗಳ ಹಿಸ್ಟರಿ ಪ್ರಾಜೆಕ್ಟಿಗೆಂದು ಅವನೇ ಕಟ್ಟಿದ್ದ. ಮ್ಯಾನ್‌ಹಟನ್ನಿನ ಬ್ಯಾಂಕು ಮುಳುಗಿ ಕೆಲಸ ಹೋದ ಮೇಲೆ ಬೇಕಾದಷ್ಟು ಬಿಡುವಿತ್ತು.

“ಡ್ಯಾಡಿ, ಇಟ್ ಹ್ಯಾಸ್ ಟು ಸಿಂಕ್,” ಎಂದಳು ಶ್ರದ್ಧಾ, ಅಳುವ ದನಿಯಲ್ಲಿ. “ಪ್ಯಾಸೆಂಜರ್ಸ್ ಸಾಯದಿದ್ರೆ ಅಮೆರಿಕಾಗೆ ಸಿಟ್ಟು ಬರಲ್ಲ. ಸಿಟ್ಟು ಬರದಿದ್ರೆ ವಾರ್‌ಗೆ ಹೋಗಲ್ಲ. ನಾಳೆ ಕ್ಲಾಸಲ್ಲಿ ನಾನೇನು ಹೇಳ್ಲಿ?”

“ಅಡಿಯಲ್ಲೊಂದು ತೂತು ಕೊರೆದುಬಿಡಿ, ಮುಗೀತು,” ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಜ್ಯೋತ್ಸ್ನಾ.

“ಕಟ್ಟಿದ ದೋಣಿಗೆ ಕಟ್ಟಿದವನೇ ತೂತು ಹಾಕ್ಲಿಕ್ಕಿಲ್ಲ ಮಾರಾಯ್ತಿ. ಅಪ್ಪ ಇದ್ದಿದ್ರೆ ಬೆನ್ನಿಗೆ ಬಾರಿಸ್ತಿದ್ರು.”

ಹಾಗೆಂದವನು ಎದ್ದು ಗ್ಯಾರೇಜಿಗೆ ಹೋದ. ಕೆಲಸ ಹೋದ ದಿನ ಆಫೀಸಿನಿಂದ ಹೊತ್ತು ತಂದು, ಅಂದಿನಿಂದ ಮುಟ್ಟದೇ ಇಟ್ಟಿದ್ದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿದ. ಅದರಲ್ಲಿದ್ದ, ‘ಅತ್ಯುತ್ತಮ ರಿಸ್ಕ್ ಮ್ಯಾನೇಜರ್’ ಎಂದು ಬ್ಯಾಂಕು ಕೊಟ್ಟಿದ್ದ ದಪ್ಪ ಗಾಜಿನ ಟ್ರೋಫಿಯನ್ನು ತಂದು ಮೆಲ್ಲನೆ ಹಡಗಿನ ಮೇಲಿಟ್ಟ. ಲೂಸಿಟಾನಿಯಾ ಒಂದು ಕಡೆಗೆ ವಾಲಿ, ನೀರು ತುಂಬಿಕೊಂಡು, ಗುಳುಗುಳು ಎಂದು ತಳ ಸೇರಿತು. ಶ್ರದ್ಧಾ ಚಪ್ಪಾಳೆ ತಟ್ಟಿದಳು.

ಎಷ್ಟೋ ತಿಂಗಳ ಮೇಲೆ ಕರುಣಾಕರ ಮನಸಾರೆ ನಕ್ಕ. “ದೋಣಿಯದ್ದು ಏನೂ ತಪ್ಪಿಲ್ಲ, ನೋಡು,” ಎಂದ ಹೆಂಡತಿಗೆ. “ಮುಳುಗಿಸ್ಲಿಕ್ಕೆ ನಮ್ಮ ಬ್ಯಾಂಕೇ ಬೇಕಾಯ್ತು.”