ಬೀಳದ ದುರ್ಯೋಧನ

ನಾಟಕ ಕಂಪನಿಯ ಮಾಲೀಕ ವೆಂಕೋಬರಾಯರೇ ಯಾವಾಗಲೂ ಭೀಮ. ಖಳರ ಪಾತ್ರಗಳೆಲ್ಲ ಅಡಿವೆಪ್ಪನವು. ಅವನ ಹೆಂಡತಿ ಹೆರಿಗೆಯಲ್ಲಿ ಸಾಯುತ್ತಿದ್ದಾಗ, ಆಟ ನಿಲ್ಲಬಾರದೆಂದು ರಾಯರು ಅವನನ್ನು ಊರಿಗೆ ಬಿಡಲಿಲ್ಲ. ಅವನು ಹೋಗಿ ಮುಟ್ಟುವಷ್ಟರಲ್ಲಿ ಅವಳನ್ನು ಮಣ್ಣು ಮಾಡಿಯಾಗಿತ್ತು.

ಊರಿಂದ ಮರಳಿದ ಮೇಲೆ ಅದೇ ಮೊದಲ ಆಟ. ಭೀಮನ ಗದೆ ತೊಡೆಗೆ ಬಿತ್ತು. ದುರ್ಯೋಧನ ಬೀಳಲಿಲ್ಲ. ರಾಯರು ಮತ್ತೊಮ್ಮೆ ಹೊಡೆದರು. ಅವನು ನಿಂತೇ ಇದ್ದ. ಜನ ಸಿಳ್ಳೆ ಹಾಕತೊಡಗಿದರು.

"ಬೀಳೋ ಅಡಿವೆಪ್ಪಾ, ಮರ್ಯಾದಿ ಹೋಗ್ತದ!" ರಾಯರು ಪಿಸುಗುಟ್ಟಿದರು.

"ಆಕಿ ಮಾರಿ ನೋಡಾಕ ಬಿಡಲಿಲ್ಲ ನೀವು. ಕಾಲು ಹಿಡೀರಿ, ಬೀಳ್ತೀನಿ."

ಕೂಗಾಟ ಜೋರಾಯಿತು. ರಾಯರು ಗದೆ ಬಿಸಾಕಿ, ಮಂಡಿಯೂರಿ, ಅವನ ಕಾಲು ಹಿಡಿದರು. "ತಪ್ಪಾತಪ್ಪಾ, ಕ್ಷಮಿಸು," ಎಂದು ಗಳಗಳನೆ ಅತ್ತರು. ಎಷ್ಟೋ ದಿನದ ಮೇಲೆ ಅಡಿವೆಪ್ಪನ ಎದೆ ಹಗುರಾಯಿತು. ಅವನು ಬಿದ್ದ. ದಂಗಾಗಿ ಕೂತಿದ್ದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಪರದೆ ಇಳಿದೊಡನೆ ರಾಯರು ಕಣ್ಣೊರೆಸಿಕೊಂಡು ಅವನ ಬೆನ್ನು ಚಪ್ಪರಿಸಿದರು.

"ಭಾಳ ಚಲೋ ಆತು. ನಾಳೆಯಿಂದ ದಿನಾ ಹಿಂಗ ಮಾಡೋಣು."