ಮತ್ತು, ಅಥವಾ

ಪರದೆಯ ಮೇಲೆ ಸೊನ್ನೆ ಬಂದು ಕೂತಿತು. ಲೈಬ್ರರಿಯನ್ ರತ್ನಪ್ರಭಾ ಕಣ್ಣುಜ್ಜಿಕೊಂಡು ನೋಡಿದರೂ ಅದು ಕದಲಲಿಲ್ಲ.

ಅವಳ ಬೆನ್ನ ಹಿಂದೆ ನಿಂತಿದ್ದವರು ಆಸ್ಪತ್ರೆಯ ಸೂಪರಿಂಟೆಂಡೆಂಟ್ ಡಾ. ಜಗನ್ನಾಥ. ನೋಯ್ಡಾದ ಆ ಆಸ್ಪತ್ರೆಯಲ್ಲಿ ಅವರು ಅಂದದ್ದೇ ಶಾಸನ. ಲೈಬ್ರರಿಯಲ್ಲಿದ್ದ ಒಂದೇ ಒಂದು ಇಂಟರ್ನೆಟ್ ಕಂಪ್ಯೂಟರಿನ ಮೇಲೆ ಬಿಲ್ಲಿಂಗ್ ಕೌಂಟರಿನವರ ಕಣ್ಣು ಬಿದ್ದಿತ್ತು. ಅದನ್ನು ಅವರಿಗೆ ಕೊಡುವುದೋ, ರತ್ನಪ್ರಭಾಳ ಹೊಸ ಸೇವೆಗೆಂದು ಇಲ್ಲೇ ಬಿಡುವುದೋ ಎಂದು ತೀರ್ಮಾನಿಸಲು ಸಾಹೇಬರೇ ಮಹಡಿ ಇಳಿದು ಬಂದಿದ್ದರು. ಸೇವೆಯೆಂದರೆ ಇಷ್ಟೇ: ವೈದ್ಯರು ಒಂದು ಪ್ರಶ್ನೆ ತಂದರೆ ಅದರ ಬಗ್ಗೆ ಲೋಕದಲ್ಲಿ ನಡೆದ ಅಧ್ಯಯನಗಳನ್ನೆಲ್ಲ, ಪರವಾಗಿರಲಿ ವಿರುದ್ಧವಾಗಿರಲಿ, ಒಂದನ್ನೂ ಬಿಡದೆ ಹುಡುಕುವುದು, ಆಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ, ಉಳಿದದ್ದನ್ನು ತೂಗಿ ನೋಡುವುದು. ಇದಕ್ಕಾಗಿ ಅವಳು ಚಳಿಗಾಲದಿಂದಲೂ ಕಂಡಕಂಡ ಡಾಕ್ಟರರ ಬಾಗಿಲು ತಟ್ಟಿದ್ದಳು. ಕಂಪ್ಯೂಟರ್ ಹೋದರೆ ಆ ಓಡಾಟವೆಲ್ಲ ನೀರಿನಲ್ಲಿ ಹೋಮ.

ಮೊದಲ ಪ್ರಶ್ನೆ ತಂದವಳು, ಈಗ ಪಕ್ಕದಲ್ಲೇ ನಿಂತಿದ್ದ ಮಕ್ಕಳ ವಾರ್ಡಿನ ಡಾ. ಲಾವಣ್ಯಾ. ರೋಗಿಗಳು ಬೀಳದಿರಲೆಂದು ಮಂಚದ ಪಕ್ಕಕ್ಕೆ ಕಂಬಿ ಹಾಕುತ್ತಾರಲ್ಲ, ಅದರಿಂದ ನಿಜಕ್ಕೂ ಉಪಯೋಗವಿದೆಯೇ? ಜಗನ್ನಾಥರಿಗೆ ಅಂಥ ಅನುಮಾನವೇನೂ ಇರಲಿಲ್ಲ. ಎಲ್ಲ ವಾರ್ಡುಗಳಿಗೂ ಈಗಿರುವುದಕ್ಕಿಂತ ಎತ್ತರದ ಕಂಬಿ ತರಿಸುವ ಆರ್ಡರ್ ಅವರ ಕೈಯಲ್ಲೇ ಇತ್ತು. ಸಹಿಯೊಂದು ಬಾಕಿ.

"ಬೆಟ್ಟ ಅಗೆದು ಇಲಿ ಹಿಡಿದರು ಅಂತಾರೆ," ಎಂದು ಅವರು ನಕ್ಕರು. "ನೀವು ಇಲೀನೂ ಹಿಡೀಲಿಲ್ಲವಲ್ಲಮ್ಮ! ಇಡೀ ಪ್ರಪಂಚ ಜಾಲಾಡಿದ್ರೂ ಸೊನ್ನೆಯೇ?"

ರತ್ನಪ್ರಭಾಳ ಕಿವಿ ಬಿಸಿಯಾಯಿತು. ತಾನು ಟೈಪು ಮಾಡಿದ್ದನ್ನು ಮತ್ತೆ ಓದಿಕೊಂಡಳು. ಮೂವರೂ ಕನ್ನಡದವರಾದ್ದರಿಂದ ಮಾತೆಲ್ಲ ಕನ್ನಡದಲ್ಲೇ ನಡೆದಿತ್ತು, ಎಡವಟ್ಟಾದದ್ದೂ ಅಲ್ಲೇ. "ಮಕ್ಕಳನ್ನೂ ಹಾಕಿ ಮೇಡಂ, ವಯಸ್ಸಾದವರನ್ನೂ ಹಾಕಿ," ಎಂದಿದ್ದಳು ಲಾವಣ್ಯಾ. ಸಾಹೇಬರು ಹಿಂದೆ ನಿಂತ ಗಾಬರಿಯಲ್ಲಿ ಇವಳು ಎರಡರ ನಡುವೆ ‘ಆಂಡ್’ ಎಂದು ಹೊಡೆದಿದ್ದಳು.

"ಅಯ್ಯೋ, ನನ್ನ ಬುದ್ಧಿಗಿಷ್ಟು! ತಪ್ಪು ನಂದೇ ಸಾರ್," ಎಂದಳು. "ನಾವು ಮಕ್ಕಳೂ ಮುದುಕರೂ ಅಂದ್ರೆ ಇವರೂ ಬರಲಿ ಅವರೂ ಬರಲಿ ಅಂತ ಅರ್ಥ. ಈ ಕಂಪ್ಯೂಟರಿಗೆ ಹಾಗಲ್ಲ. ‘ಮತ್ತು’ ಅಂದ್ರೆ ಎರಡೂ ಒಂದೇ ಕಡೆ ಸಿಗಬೇಕು ಅನ್ನುತ್ತೆ. ‘ಅಥವಾ’ ಅಂತ ಹಾಕಬೇಕಿತ್ತು."

ಲಾವಣ್ಯಾ ಕಿಸಕ್ಕನೆ ನಕ್ಕಳು. "ಮಗುವೂ ಹೌದು, ಮುದುಕಿಯೂ ಹೌದು! ಅಂಥ ಪೇಷಂಟ್ ಎಲ್ಲಿ ಸಿಗ್ತಾರೆ ಮೇಡಂ?"

ಅಲ್ಲಿಯವರೆಗೆ ನಗುತ್ತಿದ್ದ ಜಗನ್ನಾಥರು ಈಗ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

ರತ್ನಪ್ರಭಾ ಪದ ಬದಲಿಸಿದಳು. ಪರದೆ ತುಂಬ ಅಧ್ಯಯನಗಳು ದಬದಬ ಬಂದು ಬಿದ್ದವು. ಮೇಲಿದ್ದವನ್ನು ತೆರೆದು ಓದುತ್ತ ಹೋದಳು. ಒಂದರಲ್ಲಿ ಕಂಬಿಯಿಂದ ಒಳ್ಳೆಯದಾಗಿತ್ತು. ಅದರ ಕೆಳಗಿನದರಲ್ಲಿ, ಬುದ್ಧಿ ಮಸುಕಾದ ಮುದುಕರು ಕಂಬಿಯನ್ನೇ ಹತ್ತಿ ದಾಟಲು ಹೋಗಿ, ಇನ್ನೂ ಎತ್ತರದಿಂದ ಬಿದ್ದಿದ್ದರು.

"ಅಚ್ಛಾ. ಹಾಗಾದ್ರೆ ಹಾಕಿಸಬೇಕೋ ಬೇಡವೋ? ಒಂದು ಮಾತಲ್ಲಿ ಹೇಳಿ," ಎಂದರು ಜಗನ್ನಾಥ.

ಹಾಕಿಸಿ ಎಂದುಬಿಟ್ಟರೆ ಸಾಹೇಬರಿಗೆ ಖುಷಿ, ಕಂಪ್ಯೂಟರೂ ಉಳಿದೀತು. ಆ ಆಸೆ ಅವಳ ನಾಲಿಗೆಯ ತುದಿಯವರೆಗೂ ಬಂತು. ಅದನ್ನು ನುಂಗಿಕೊಂಡಳು.

"ಗೊತ್ತಿಲ್ಲ ಸಾರ್. ಎರಡು ಥರಾನೂ ಇವೆ. ಎಲ್ಲಾನೂ ಓದಿ ತೂಗದೆ ಬಾಯಿಗೆ ಬಂದದ್ದು ಹೇಳಿದ್ರೆ ತಪ್ಪಾಗುತ್ತೆ. ಒಂದೆರಡು ತಿಂಗಳಾದ್ರೂ ಬೇಕು."

ಕೂಲರ್ ತನ್ನ ಪಾಡಿಗೆ ಗೊರಗುಟ್ಟುತ್ತಿತ್ತು. ಲಾವಣ್ಯಾ ‘ಯಾಕೆ ಹಾಗಂದ್ರಿ’ ಎಂಬಂತೆ ಅವಳನ್ನು ನೋಡಿದಳು. ಅಷ್ಟರಲ್ಲಿ ಬಿಲ್ಲಿಂಗಿನ ಅಟೆಂಡರ್ ಟ್ರಾಲಿ ತಳ್ಳಿಕೊಂಡು ಬಾಗಿಲಿಗೇ ಬಂದ. ಆಯಿತು, ಎಲ್ಲ ಮುಗಿಯಿತು ಎಂದುಕೊಂಡು ರತ್ನಪ್ರಭಾ ಮೌಸಿನಿಂದ ಕೈ ತೆಗೆದಳು.

"ರೆಹನೇ ದೋ ಭಯ್ಯಾ, ವಾಪಸ್ ಲೇ ಜಾವೋ," ಎಂದರು ಜಗನ್ನಾಥ. ಟ್ರಾಲಿ ಬಂದ ದಾರಿ ಹಿಡಿಯಿತು. ಅವರು ಆರ್ಡರಿನ ಹಾಳೆಯನ್ನು ಮಡಿಸಿ, ಮತ್ತೊಮ್ಮೆ ಮಡಿಸಿ, ಜೇಬಿಗೆ ಸೇರಿಸಿದರು.

"ನಮ್ಮಮ್ಮ ಇಂದಿರಾಪುರಂ ಮನೇಲಿ ನನ್ನ ಜೊತೇಲೇ ಇದ್ದಾರೆ," ಎಂದರು, ಇಬ್ಬರ ಮುಖವನ್ನೂ ನೋಡದೆ. "ಅರಳು ಮರಳು. ನನ್ನನ್ನೇ ಅವರಪ್ಪ ಅಂದ್ಕೊಂಡು ಅಪ್ಪಾ ಅಂತ ಕರೀತಾರೆ. ಮಗೂಗೆ ಇಟ್ಟ ಹಾಗೆ ತುತ್ತು ಮಾಡಿ ಬಾಯಿಗಿಡಬೇಕು. ನಾನೇ ನಿಂತು ಮಂಚಕ್ಕೆ ಕಂಬಿ ಹಾಕಿಸಿದ್ದೆ. ಹೋದ ವಾರ ಅದನ್ನ ಹತ್ತಿ ಬಿದ್ದು ಸೊಂಟ ಮುರ್ಕೊಂಡ್ರು. ಕಂಬಿ ಗಿಡ್ಡವಾಯ್ತು, ಅದಕ್ಕೇ ಬಿದ್ರು ಅಂದ್ಕೊಂಡಿದ್ದೆ."

ಲಾವಣ್ಯಾ ತಲೆ ತಗ್ಗಿಸಿದಳು.

ಅವರು ಎದ್ದು ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ಎರಡು ತಿಂಗಳು ತಗೊಳ್ಳಿ, ಅವಸರ ಬೇಡ. ಆದ್ರೆ ಆ ಮೊದಲನೇ ಹುಡುಕಾಟಕ್ಕೆ ಸೊನ್ನೆ ಅಂತ ಬರೀಬೇಡಿ ರತ್ನಪ್ರಭಾ. ಒಂದು ಅಂತ ಬರ್ಕೊಳ್ಳಿ."